ಮಹಡಿಯ ಮೇಲಿನ ಸಂಖ್ಯಾಶಾಸ್ತ್ರ

ಹಾಸ್ಟೆಲು ಬಿಟ್ಟು ಹೊರಗೆ ರೂಮು ಮಾಡಿದ ಮೇಲೆ ನನಗೊಂದು ಹೊಸ ಹೆದರಿಕೆ ಶುರುವಾಯಿತು. ನನ್ನ ಗಂಟಲು ತುಕ್ಕು ಹಿಡಿಯುತ್ತಿದೆಯೇ? ಯಾರನ್ನಾದರೂ ಕೇಳೋಣವೆಂದರೆ, ಕೇಳಲು ಬೇಕಾದ ಸಾಮಾನೇ ಕೆಟ್ಟಿದೆಯೆಂಬುದು ಆ ಹೆದರಿಕೆ. ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದು ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಗಿನವರೆಗೆ ನಾನು ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ. ಒಂದು ಸೋಮವಾರ ಹಾಜರಿ ಕರೆದಾಗ "ಪ್ರೆಸೆಂಟ್ ಮೇಡಂ" ಎನ್ನಲು ಹೋದರೆ ಹಳೆಯ ಕಪಾಟು ತೆರೆದಂಥ ಸದ್ದು ಬಂದು ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ಅಂದಿನಿಂದ ಭಾನುವಾರ ಸಂಜೆ ಬಚ್ಚಲಿನ ಬಕೆಟ್ಟಿನೊಳಗೆ ಬಗ್ಗಿ "ಪ್ರೆಸೆಂಟ್ ಮೇಡಂ" ಅಭ್ಯಾಸ ಮಾಡತೊಡಗಿದೆ. ಬಕೆಟ್ಟಿನದು ಒಳ್ಳೆಯ ಸ್ವಭಾವ. ನಾನು ಹೇಳಿದ್ದನ್ನೇ ಹಿಂದಕ್ಕೆ ಹೇಳುತ್ತಿತ್ತೇ ಹೊರತು ಒಂದಕ್ಷರ ಹೆಚ್ಚು ಸೇರಿಸುತ್ತಿರಲಿಲ್ಲ. ಮನುಷ್ಯರು ಹಾಗಲ್ಲ ಎಂಬುದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಹೆದರಿಕೆ ಇದ್ದರೂ ಆ ರೂಮೆಂದರೆ ನನಗೆ ಪ್ರಾಣ. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಆರು ಮಂದಿ. ಒಬ್ಬಳಿಗೆ ಓದು ಬಂದರೆ ಇನ್ನೊಬ್ಬಳಿಗೆ ನಗು ಬರುತ್ತಿತ್ತು, ಮತ್ತೊಬ್ಬಳಿಗೆ ಅಳು, ಉಳಿದವರಿಗೆ ಫೋನು. ಬೆಳಿಗ್ಗೆ ಬಚ್ಚಲಿನ ಮುಂದೆ ಮಗ್ಗುಗಳು ಸಾಲು ನಿಲ್ಲುತ್ತಿದ್ದವು; ಯಾರ ಮಗ್ಗು ಮುಂದೋ ಅವರ ಸ್ನಾನ ಮುಂದು. ನನ್ನ ಮಗ್ಗನ್ನು ಹಿಂದೆ ತಳ್ಳಿದರೆ ಕೇಳುವವಳು ಅದರ ಒಡತಿಯಲ್ಲ ಎಂಬುದು ಇಡೀ ಮಹಡಿಗೆ ಗೊತ್ತಿದ್ದರಿಂದ, ಅಲ್ಲಿದ್ದಷ್ಟು ಕಾಲ ಮೊದಲ ಪೀರಿಯಡ್ಡಿನ ಪಾಠವೊಂದೂ ನನ್ನ ಕಿವಿಗೆ ಬೀಳಲಿಲ್ಲ. ಡೈರಿ ಬರೆಯಲು ಕೂತರೆ ಹೆಗಲ ಮೇಲಿನಿಂದ ಬಗ್ಗಿ ಒಬ್ಬಳು ಕಾಗುಣಿತ ತಿದ್ದುತ್ತಿದ್ದಳು.

ಇಲ್ಲೋ, ಮಹಡಿಯ ಮೇಲೆ ಒಂದೇ ಕೋಣೆ. ಒಂದು ಕಿಟಕಿ, ಕಿಟಕಿಗೆ ಆತುಕೊಂಡ ಮೇಜು, ಮೂಲೆಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುವ ಬಚ್ಚಲು. ಅದರ ಸರದಿಯಲ್ಲಿ ಮೊದಲನೆಯವಳೂ ನಾನೇ, ಕೊನೆಯವಳೂ ನಾನೇ. ನಷ್ಟವಿಲ್ಲವೆಂದಲ್ಲ. ಗ್ಯಾಸು ಮುಗಿದರೆ ಬೈಯಲು ಇನ್ನೊಬ್ಬರಿಲ್ಲ. ಹಲ್ಲಿ ಬಂದರೆ ಓಡಿಸಬೇಕಾದವಳೂ ನಾನೇ, ಓಡಬೇಕಾದವಳೂ ನಾನೇ. ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಇದ್ದುದು ನನ್ನದೇ ಕೈ, ಅದೂ ಬಿಸಿ. ಆದರೆ ಸಂಜೆ ಆ ಕಿಟಕಿಯ ಬಳಿ ಕೂತು ಯಾರೂ ತಿದ್ದದ ಕಾಗುಣಿತದಲ್ಲಿ ಒಂದು ಪುಟ ಬರೆದರೆ, ಲಾಭ ನಷ್ಟ ಕಳೆದು ಲಾಭವೇ ಉಳಿಯುತ್ತಿತ್ತು.

ಈ ರೂಮಿಗೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದೇ ಒಂದು ದೊಡ್ಡ ಕಥೆ. ಅಪ್ಪ ಪತ್ರಿಕೆ ಮಡಚಿದರು. ಅಪ್ಪನ ಪರವಾಗಿ ಮಾತಾಡುವ ಗುತ್ತಿಗೆ ಹಿಡಿದಿದ್ದ ಸೋದರತ್ತೆ, "ಅಂಗಡೀಲಿ ಚಿಲ್ಲರೆ ವಾಪಸ್ ಕೇಳೋಕೆ ಬಾಯಿ ಬರಲ್ಲ ಇವಳಿಗೆ, ಒಬ್ಬಳೇ ಮನೆ ಮಾಡ್ತಾಳಂತೆ ಮನೆ! ಕಳ್ಳ ಬಂದ್ರೆ ಕೂಗೋಕಾದ್ರೂ ಬರುತ್ತೇನೇ?" ಎಂದರು. ಕೊನೆಗೆ ಅಪ್ಪ ಒಂದು ಷರತ್ತಿನ ಮೇಲೆ ಇಳಿದು ಬಂದರು.

"ಪರೀಕ್ಷೆಗೆ ಮುಂಚೆ ನಾನೇ ಬಂದು ನೋಡ್ತೀನಿ. ಓನರ್ ಸರಿಯಿಲ್ಲ, ಬೀದಿ ಸರಿಯಿಲ್ಲ ಅಂತ ಕಂಡ್ರೆ ಅವತ್ತೇ ಸಾಮಾನು ಕಟ್ಟಿ ಹಾಸ್ಟೆಲಿಗೆ. ಆಮೇಲೆ ಅತ್ತೂ ಕರೆದೂ ಮಾಡಬಾರದು."

ರೂಮು ಹುಡುಕುತ್ತ ಹೊರಟಾಗ ಆ ಮನೆಯ ಗೇಟಿನಲ್ಲಿ "ರೂಮು ಬಾಡಿಗೆಗಿದೆ" ಎಂಬ ಬೋರ್ಡು ಕಂಡಿತು. ಅದರ ಕೆಳಗೆ ಅದಕ್ಕಿಂತ ದಪ್ಪಕ್ಷರದಲ್ಲಿ "ಸ್ಟೂಡೆಂಟ್ಸ್ ಬೇಡ". ನಾನು ಓದಿಕೊಂಡು, ನ್ಯಾಯವಾಗಿಯೇ ಇದೆ ಎಂದುಕೊಂಡು ಹೊರಟಿದ್ದೆ. ಗೇಟಿನ ಪಕ್ಕದಲ್ಲಿ ಅದೇ ಮನೆಗೆ ಸೇರಿದ ಬಾಡಿಗೆ ಮಳಿಗೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಟೈಲರಣ್ಣ ಒಳಗೆ ಕತ್ತು ಚಾಚಿ ಕೂಗಿದ:

"ಓನರಮ್ಮಾ! ಯಾವುದೋ ಹುಡುಗಿ ನಿಮ್ಮ ಬೋರ್ಡು ಓದಿ ಅತ್ಕೊಂಡು ಹೋಗ್ತಿದೆ, ಏನು ಅಂತ ಕೇಳಿ!"

ನಾನು ಅಳುತ್ತಿರಲಿಲ್ಲ. ನನ್ನ ಮುಖವೇ ಹಾಗೆ.

ಓನರಮ್ಮ ಬಂದರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಗೇಟಿನ ಚಿಲಕದ ಮೇಲೆ ಕೈಯಿಟ್ಟು, ತೆರೆಯದೆ ನಿಂತರು.

"ಓದ್ತಿದೀಯಾ? ಹಾಗಾದ್ರೆ ಇಲ್ಲಮ್ಮ. ಹೋದ ಸಲ ಓದೋರಿಗೇ ಕೊಟ್ಟಿದ್ದೆ. ಮೊಳೆ ಹೊಡೆದು ಹೊಡೆದು ಗೋಡೆ ಜರಡಿ ಮಾಡಿ ಹೋದ್ರು. ಅಂದ ಹಾಗೆ ಏನು ಓದ್ತಿರೋದು?"

ನಾನು ಓದುತ್ತಿದ್ದುದು ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್. ಬರೆಯಲು ತೊಂದರೆಯಿಲ್ಲ, ಹೇಳಲು ಹೊರಟರೆ ಮೊದಲ "ಸ್ಟ"ದಲ್ಲಿ ನಾಲಿಗೆ ಎಡವುತ್ತದೆ, ಎರಡನೆಯದರಲ್ಲಿ ಬೀಳುತ್ತದೆ. ಅಪ್ಪ ಈ ಕಷ್ಟವೇ ಬೇಡವೆಂದು "ಸ್ಟಾಸ್ಟಿಕ್" ಎಂದು ಮುಗಿಸುತ್ತಿದ್ದರು. ಹಿರಿಯರೆದುರು ಬೀಳುವುದು ಬೇಡವೆಂದೂ, ಕನ್ನಡದಲ್ಲಿ ಹೇಳಿದರೆ ಸ್ವಲ್ಪ ತೂಕವಾಗಿ ಕಂಡೇನೆಂಬ ಜಂಬದಿಂದಲೂ ನಾನು, "ಸಂಖ್ಯಾಶಾಸ್ತ್ರ" ಎಂದೆ.

ಚಿಲಕದ ಮೇಲಿನ ಕೈ ಅಲ್ಲಾಡಿತು.

"ಏನಂದೆ?"

"ಸಂಖ್ಯಾಶಾಸ್ತ್ರ."

"ಅದಕ್ಕೂ ಕಾಲೇಜಿದೆಯಾ! ಯಾರು ಯಾವಾಗ ಹುಟ್ಟಿದ್ರು, ಮನೆ ನಂಬರು ಎಷ್ಟು, ಎಲ್ಲಾ ಲೆಕ್ಕ ಹಾಕಿ ಹೇಳ್ತಾರಲ್ಲ, ಅದೇ ತಾನೆ?"

ನಮ್ಮ ಮೊದಲ ಸೆಮಿಸ್ಟರಿನಲ್ಲಿ ಜನನ ಪ್ರಮಾಣ ಒಂದು ಪಾಠ, ಮನೆಗಣತಿ ಇನ್ನೊಂದು ಪಾಠ. "ಹೂಂ" ಎಂದೆ.

"ಮೊದಲೇ ಹೇಳಬಾರದೇನೇ ತಾಯೀ! ನೀನು ಸ್ಟೂಡೆಂಟ್ ಹೇಗಾಗ್ತೀಯಾ? ಬಾ ಒಳಗೆ, ಬಲಗಾಲಿಟ್ಟೋ ಎಡಗಾಲಿಟ್ಟೋ, ಅದು ನಿನಗೇ ಗೊತ್ತಿರುತ್ತೆ."

ನಾನು ಯಾವ ಕಾಲೆಂದು ತಿಳಿಯದೆ ಒಂದು ಕ್ಷಣ ನಿಂತೆ. ಅದನ್ನೂ ಓನರಮ್ಮ ಲೆಕ್ಕಾಚಾರವೆಂದೇ ತಿಳಿದರು.

ಸಂಖ್ಯಾಶಾಸ್ತ್ರವೆಂಬ ಪದಕ್ಕೆ ಎರಡು ಅರ್ಥವಿದೆ ಎಂಬುದು ನನಗೆ ಹೊಳೆದದ್ದು ಮರುದಿನ, ಅವರು ಕಾಫಿ ಹಿಡಿದು ಮಹಡಿ ಹತ್ತಿ ಬಂದಾಗ. ಒಂದು ಅರ್ಥ ನನ್ನ ಪಠ್ಯಪುಸ್ತಕದಲ್ಲಿದೆ: ಎಣಿಸುವುದು, ಸರಾಸರಿ ತೆಗೆಯುವುದು. ಇನ್ನೊಂದು ಭಾನುವಾರದ ಪತ್ರಿಕೆಯ ಕೊನೆಯ ಪುಟದಲ್ಲಿದೆ: ನಿಮ್ಮ ಅಂಕಿ ಎರಡಾದರೆ ಮಂಗಳವಾರ ಜೋಪಾನ. ಓನರಮ್ಮ ಪತ್ರಿಕೆ ಓದುತ್ತಿದ್ದುದೇ ಕೊನೆಯ ಪುಟದಿಂದ, ಬಹಳ ಸಲ ಅಲ್ಲಿಗೇ ಮುಗಿಸುತ್ತಿದ್ದರು.

"ನೋಡು, ನಮ್ಮನೆ ನಂಬರ್ ಹದಿನೇಳು. ಒಂದೂ ಏಳೂ ಕೂಡಿದ್ರೆ ಎಂಟು ತಾನೆ?"

ಒಂದೂ ಏಳೂ ಎಂಟೇ. "ಹೂಂ."

"ಎಂಟು ಅಂದ್ರೆ ಕಾಟ. ಅದಕ್ಕೇ ನೀರಿನ ಮೋಟರ್ ಮೂರು ಮೂರು ಸಲ ಸುಟ್ಟುಹೋಗಿದ್ದು. ಅದಕ್ಕೇ ನನ್ನ ಮಂಡಿ. ಅದಕ್ಕೇ ಅಳಿಯ ಫೋನ್ ಮಾಡಿದ್ರೆ ಬರೀ ಹವಾಮಾನ ಕೇಳಿ ಇಡ್ತಾನೆ. ಹೌದಲ್ವಾ?"

"ಹೂಂ."

ಇಲ್ಲಿ ಓದುಗರಿಗೆ "ಹೂಂ"ನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಭಾಷೆಯಲ್ಲಿ ಅದು ಒಂದು ಖಾಲಿ ಚೀಲ. ಯಾರು ಏನು ಬೇಕಾದರೂ ತುಂಬಿಕೊಂಡು ಹೋಗಬಹುದು. ಹೌದು ಎಂಬುದಕ್ಕೂ ಹೂಂ, ಕೇಳಿಸುತ್ತಿದೆ ಎಂಬುದಕ್ಕೂ ಹೂಂ, ದಯವಿಟ್ಟು ಸಾಕು ಎಂಬುದಕ್ಕೂ ಹೂಂ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟಿದ ಮಗು ರಾಕ್ಷಸನ ಪಕ್ಷವೆಂದು ಯಾರಾದರೂ ತಿಳಿಯುತ್ತಾರೆಯೇ? ನನ್ನದು ಅಂಥ ಹೂಂ. ಆದರೆ ಅದರ ಮೇಲೆ ಹಾಗೆಂದು ಚೀಟಿ ಅಂಟಿಸಿರಲಿಲ್ಲ.

"ಹಾಗಾದ್ರೆ ಹದಿನೆಂಟು ಮಾಡಿದ್ರೆ? ಒಂಬತ್ತಾಗುತ್ತೆ. ಗ್ಯಾರಂಟಿ ತಾನೆ?"

ಈ ಪ್ರಶ್ನೆಗೆ ಮಾತ್ರ ನಾನು ಪ್ರಾಮಾಣಿಕವಾಗಿ ಉತ್ತರಿಸಲು ಯತ್ನಿಸಿದೆ. ಗ್ಯಾರಂಟಿ ಎಂಬ ಪದವೇ ನಮ್ಮ ವಿಭಾಗದಲ್ಲಿ ನಿಷಿದ್ಧ. "ನಮ್ಮಲ್ಲಿ ನೂರಕ್ಕೆ ನೂರು ಅಂತ ಏನೂ ಹೇಳಲ್ಲ ಅಮ್ಮಾ. ಹೆಚ್ಚೆಂದ್ರೆ ತೊಂಬತ್ತೈದು" ಎಂದೆ. ಆ ತಿಂಗಳ ನನ್ನ ಅತಿ ಉದ್ದದ ಭಾಷಣ ಅದು.

"ತೊಂಬತ್ತೈದು!" ಓನರಮ್ಮ ಕಾಫಿಯ ಲೋಟ ಕೆಳಗಿಟ್ಟರು. "ನನ್ನ ಮಂಡಿಗೆ ಡಾಕ್ಟರು ಐವತ್ತೂ ಹೇಳಲಿಲ್ಲವಲ್ಲೇ! ನೋಡು, ಶಾಸ್ತ್ರದವಳು ಅಂತ ನಿನಗೆ ರೂಮ್ ಕೊಟ್ಟೆ. ಬರೀ ಸ್ಟೂಡೆಂಟ್ ಆಗಿದ್ರೆ ಗೇಟಿಂದಲೇ ವಾಪಸ್ ಕಳಿಸ್ತಿದ್ದೆ. ಎಂಥ ಕೆಲಸ ತಪ್ಪಿಹೋಗ್ತಿತ್ತು!"

ನಾನು ಬಾಯಿ ತೆರೆದಿದ್ದೆ. ಆ ಗೇಟಿನ ಮಾತು ಕೇಳಿ ಮುಚ್ಚಿದೆ. ಕಿಟಕಿ, ಮೇಜು, ಬಚ್ಚಲು ಮೂರೂ ನನ್ನನ್ನೇ ನೋಡುತ್ತಿದ್ದವು.

ಮರುದಿನ ಗೇಟಿನ ಮೇಲೆ ಹದಿನೇಳು ಹೋಗಿ, ಹಸಿ ಬಣ್ಣದಲ್ಲಿ ಹದಿನೆಂಟು ಬಂದಿತ್ತು. ಒಂದೇ ಒಂದು ತೊಡಕೆಂದರೆ ಪಕ್ಕದ ಮನೆಯೂ ಹದಿನೆಂಟೇ. ಅದು ಬ್ಯಾಂಕಿನಿಂದ ನಿವೃತ್ತರಾದ, ಇಡೀ ಬೀದಿ "ಬ್ಯಾಂಕ್ ಮಾವ" ಎಂದು ಕರೆಯುತ್ತಿದ್ದವರ ಮನೆ. ಅವರು ಬೆಳಗಿನ ವಾಕಿಂಗಿಗೆ ಹೊರಟವರು ಗೇಟಿನ ಮುಂದೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ತಮ್ಮ ಮನೆಗೆ ತಾವೇ ಬೆಲ್ಲು ಮಾಡಿ ಹೆಂಡತಿಯಿಂದ ಖಚಿತ ಮಾಡಿಕೊಂಡರು. ಆಮೇಲೆ ವಾಕಿಂಗ್ ಕೋಲಿನೊಡನೆ ಮಹಡಿ ಹತ್ತಿದರು.

"ಏನಮ್ಮಾ ಮಗೂ, ನನ್ನ ಹದಿನೆಂಟನ್ನ ಹಗಲಲ್ಲೇ ಕದ್ದಿದಾರಲ್ಲ! ನಿನ್ನ ಶಾಸ್ತ್ರದಲ್ಲಿ ಕಳ್ಳತನಕ್ಕೂ ಲೆಕ್ಕ ಇದೆಯಾ?"

ನನಗೆ ಗಾಬರಿಯಾದಾಗ ಮುಖ ಬಹಳ ಗಂಭೀರವಾಗುತ್ತದೆ. ಬ್ಯಾಂಕ್ ಮಾವ ಅದನ್ನು ನೋಡಿ ಕೋಲು ಕಂಕುಳಿಗೆ ಸಿಕ್ಕಿಸಿಕೊಂಡರು. ದನಿ ಇಳಿಯಿತು.

"ಅಲ್ಲ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ನಾನು ಬ್ಯಾಂಕಿನವನು. ಆದ್ರೂ ಕೇಳ್ತೀನಿ, ತಪ್ಪು ತಿಳೀಬೇಡ. ಒಂದೇ ನಂಬರಿನಲ್ಲಿ ಎರಡು ಮನೆ ಇದ್ರೆ ಅದೃಷ್ಟ ಅರ್ಧ ಅರ್ಧ ಆಗುತ್ತಾ?"

ಒಂದನ್ನು ಇಬ್ಬರಿಗೆ ಹಂಚಿದರೆ ಅರ್ಧವೇ ಬರುವುದು. "ಹೂಂ" ಎಂದೆ.

ಸಂಜೆಯೊಳಗೆ ಬ್ಯಾಂಕ್ ಮಾವನ ಮನೆ ಇಪ್ಪತ್ತೊಂದಾಯಿತು. ಅಲ್ಲಿಂದ ಮುಂದೆ ಬೀದಿ ನನ್ನ ಕೈತಪ್ಪಿತು. ನಿಜವಾದ ಇಪ್ಪತ್ತೊಂದರವರು, ನಮ್ಮದನ್ನು ಅವರು ಬಯಸಿದರೆಂದರೆ ಇದರಲ್ಲಿ ಏನೋ ಇದೆ ಎಂದು ಹೆಮ್ಮೆಪಟ್ಟು ತಮ್ಮ ನಂಬರನ್ನು ಎರಡು ಪಟ್ಟು ದೊಡ್ಡದಾಗಿ ಬರೆಸಿದರು. ಎದುರು ಸಾಲಿನ ಒಂದು ಮನೆಯವರು ನಾವೇನು ಕಡಿಮೆ ಎಂದು ಇನ್ನೊಂದು ಇಪ್ಪತ್ತೊಂದು ಬರೆಸಿದರು. ಮೂಲೆಮನೆಯವರು ಯಾವ ಜಗಳವೂ ಬೇಡವೆಂದು ನಂಬರು ಅಳಿಸಿ "ಶುಭ" ಎಂದು ಬರೆದರು. "ತೊಂಬತ್ತೈದು ಪರ್ಸೆಂಟ್ ಗ್ಯಾರಂಟಿ ಅಂತೆ, ಕಾಲೇಜಲ್ಲೇ ಕಲಿಸ್ತಾರಂತೆ" ಎಂಬ ಮಾತು ತರಕಾರಿ ಗಾಡಿಯ ಸುತ್ತ ದಿನವೂ ಮಾರಾಟವಾಗುತ್ತಿತ್ತು. ಕೊರಿಯರಿನವನು ಡಬ್ಬ ತಲೆಯ ಮೇಲಿಟ್ಟುಕೊಂಡು ಬೀದಿಯ ನಡುವೆ ನಿಂತು ಕೂಗಿದ: "ಸ್ವಾಮೀ, ಇಲ್ಲಿ ಇಪ್ಪತ್ತೊಂದು ಮೂರಿವೆ, ಹದಿನೇಳು ಒಂದೂ ಇಲ್ಲ! ಹದಿನೇಳರವರು ಬದುಕಿದ್ರೆ ಕೈ ಎತ್ತಿ!"

ನಾನು ಕಿಟಕಿಯಿಂದ ಅರ್ಧ ಕೈ ಎತ್ತಿದೆ. ಅವನಿಗೆ ಕಾಣಲಿಲ್ಲ. ಡಬ್ಬದಲ್ಲಿದ್ದುದು ಅತ್ತೆ ಕಳಿಸಿದ್ದ ಕಂಬಳಿ. ಎಂಟು ದಿನ ಅದನ್ನು "ಶುಭ"ದವರು ಹೊದ್ದುಕೊಂಡರು.

ಇಡೀ ಬೀದಿಯಲ್ಲಿ ನನ್ನನ್ನು ಏನೂ ಕೇಳದವನು ಟೈಲರಣ್ಣ ಒಬ್ಬನೇ. ನಾನು ಮೆಟ್ಟಿಲಿಳಿದು ಮಳಿಗೆಯ ಮುಂದೆ ಹಾದರೆ ನನ್ನ ಪಾಲಿನ ಮಾತನ್ನೂ ಅವನೇ ಆಡಿ ಮುಗಿಸುತ್ತಿದ್ದ.

"ಏನ್ ಪಾಪು, ಕಾಲೇಜಿಗಾ? ಹೌದಣ್ಣ. ಊಟ ಆಯ್ತಾ? ಆಯ್ತಣ್ಣ. ಏನು ಮಾಡಿದ್ದೆ? ಅನ್ನ ಸೀದುಹೋಯ್ತಣ್ಣ. ವಾಸನೆ ಇಲ್ಲೀತನಕ ಬಂತು, ಹೋಗ್ಬಾ."

ನಿನ್ನ ಅಂಕಿಯನ್ನೂ ಲೆಕ್ಕ ಹಾಕಿಸಿಕೋ ಎಂದು ಓನರಮ್ಮ ಅವನನ್ನು ಒತ್ತಾಯಿಸಿದಾಗ ಟೇಪು ಕೊರಳಿಗೆ ಸುತ್ತಿಕೊಂಡು, "ನನ್ನ ಶಾಸ್ತ್ರ ಎಲ್ಲ ಇದರಲ್ಲೇ ಇದೆ ಅಮ್ಮಾ. ಎದೆ ಮೂವತ್ತಾರು, ಸೊಂಟ ಮೂವತ್ತೆರಡು ಅಂದ್ರೆ ಶುಭ. ತಿರುಗುಮುರುಗಾದ್ರೆ ಅಶುಭ, ಬಟ್ಟೆ ಜಾಸ್ತಿ ಬೇಕು" ಎಂದ. ಬೀದಿ ನಕ್ಕಿತು. ಓನರಮ್ಮ ನಗಲಿಲ್ಲ. ಅವರದು ಮೂವತ್ತೆರಡಲ್ಲ.

ನಗು ಮುಗಿದ ವಾರದಲ್ಲೇ ನೀರಿನ ಮೋಟರು ನಾಲ್ಕನೆಯ ಸಲ ಸುಟ್ಟುಹೋಯಿತು. ಹದಿನೆಂಟು ಬರೆಸಿಯೂ ಸುಟ್ಟುಹೋಯಿತು! ಬೇರೆಯವರಾಗಿದ್ದರೆ ಶಾಸ್ತ್ರವನ್ನು ಅನುಮಾನಿಸುತ್ತಿದ್ದರು. ಓನರಮ್ಮನದು ಭದ್ರವಾದ ನಂಬಿಕೆ. ಅವರು ಶಾಸ್ತ್ರವನ್ನು ಬಿಟ್ಟು ಉಳಿದೆಲ್ಲವನ್ನೂ ಅನುಮಾನಿಸಿದರು. ಬೆಳಿಗ್ಗೆ ನಾನು ಮೆಟ್ಟಿಲ ಬಳಿ ಹಲ್ಲುಜ್ಜುತ್ತಿದ್ದಾಗ ಕೆಳಗಿನಿಂದ ಕೇಳಿದರು.

"ನಿನ್ನೆ ರಾತ್ರಿ ನಾನೇ ಕೂಡಿಸಿ ನೋಡಿದೆ. ಟೈಲರ್ ಹೆಸರಿಗೆ ನಾಲ್ಕು ಬರುತ್ತೆ. ನಾಲ್ಕಕ್ಕೂ ಒಂಬತ್ತಕ್ಕೂ ಆಗಿಬರಲ್ಲ ಅಂತ ಪೇಪರಲ್ಲಿ ಬಂದಿತ್ತು. ಮನೇಲಿ ಒಂಬತ್ತು, ಬಾಗಿಲಲ್ಲಿ ನಾಲ್ಕು. ಅವನು ಅಲ್ಲಿರೋವರೆಗೂ ನನ್ನ ಮೋಟರ್ ಉಳಿಯಲ್ಲ, ಅಲ್ವೇನೇ?"

ನನ್ನ ಬಾಯಿತುಂಬ ನೊರೆ. ಇಲ್ಲ ಎನ್ನಲು ಬಾಯಿ ತೆರೆದರೆ ನೊರೆ ಅವರ ತಲೆಯ ಮೇಲೇ ಬೀಳುವಂತಿತ್ತು. ಉಗುಳಿ ಬಂದು ಹೇಳುತ್ತೇನೆ ಎಂಬ ಅರ್ಥದಲ್ಲಿ "ಹೂಂ" ಎಂದು ಕೈಸನ್ನೆ ಮಾಡಿ ಒಳಗೆ ಓಡಿದೆ. ಬಾಯಿ ತೊಳೆದು ಬರುವಷ್ಟರಲ್ಲಿ ಕೆಳಗೆ ಓನರಮ್ಮನ ಗಂಟಲು ಮಳಿಗೆಯ ಮುಂದೆ ಕೇಳಿಸುತ್ತಿತ್ತು.

"ತಿಂಗಳ ಕೊನೆಗೆ ಮಳಿಗೆ ಖಾಲಿ ಮಾಡು. ನಾನು ಹೇಳ್ತಿಲ್ಲಪ್ಪ. ಮೇಲಿನವಳು ಹೇಳಿದಾಳೆ!"

ದೂರದಿಂದ ಕೇಳಿದವರಿಗೆ ಸಾಕ್ಷಾತ್ ದೇವಿಯೇ ಅಪ್ಪಣೆ ಕೊಟ್ಟಂತೆ ಇತ್ತು. ಟೈಲರಣ್ಣನ ಯಂತ್ರ ನಿಂತಿತು. ಆ ಮನೆ ಕಟ್ಟಿದಾಗಿನಿಂದ ಅವನು ಆ ಮಳಿಗೆಯಲ್ಲಿದ್ದ.

ಆ ಸಂಜೆ ನಾನು ಧೈರ್ಯ ಮಾಡಿ ಓನರಮ್ಮನ ಬಾಗಿಲಿಗೆ ಹೋದೆ. ಏನು ಹೇಳಬೇಕೆಂದು ಮೆಟ್ಟಿಲು ಮೆಟ್ಟಿಲಿಗೂ ಜೋಡಿಸಿಕೊಂಡಿದ್ದೆ.

"ಅಮ್ಮಾ, ಆ ಟೈಲರಣ್ಣನ ವಿಷಯ..."

"ಗೊತ್ತು ಗೊತ್ತು, ತಡ ಮಾಡಬಾರದು ಅಂತ ತಾನೆ? ತಿಂಗಳ ಕೊನೆ ಅಂದಿದ್ದೆ. ನೀನೇ ಇಳಿದು ಬಂದು ಹೇಳ್ತಿದೀಯಾ ಅಂದ್ರೆ ಭಾರಿ ಕೆಟ್ಟದ್ದೇ ಇರಬೇಕು. ಈ ಭಾನುವಾರಕ್ಕೇ ಖಾಲಿ ಮಾಡಿಸ್ತೀನಿ ಬಿಡು."

ಹೀಗೆ ನಾನು ಬಾಯಿ ತೆರೆದು ಅವನ ಮೂರು ವಾರ ಕಡಿಮೆ ಮಾಡಿದೆ. ಮತ್ತೆ ತೆರೆಯಲು ಧೈರ್ಯ ಬರಲಿಲ್ಲ. ನಿಜ ಹೇಳಿದರೆ ಅವನ ಮಳಿಗೆ ಉಳಿಯುತ್ತಿತ್ತು, ನನ್ನ ರೂಮು ಹೋಗುತ್ತಿತ್ತು. ಹೇಳದಿದ್ದರೆ ಎರಡೂ ತಲೆಕೆಳಗು.

ಅದೇ ಭಾನುವಾರ ಅಪ್ಪನೂ ಅತ್ತೆಯೂ ಬಂದರು. ಬರುತ್ತಾರೆಂದು ತಿಳಿದು ಬೆಳಿಗ್ಗೆಯಿಂದ ಕಿಟಕಿಯ ಬಳಿ ಕಾಯುತ್ತಿದ್ದೆ. ಅವರ ಆಟೋ ಬೀದಿಯನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಅಳೆಯುತ್ತಿತ್ತು. ಕಡೆಗೆ ಅತ್ತೆ ಇಳಿದು, ಬಣ್ಣದ ಡಬ್ಬ ಹಿಡಿದ ಆಳಿನೊಡನೆ ಗೇಟು ಗೇಟು ಇಣುಕುತ್ತಿದ್ದ ಒಬ್ಬರನ್ನು ತಡೆದರು.

"ಸ್ವಾಮೀ, ಹದಿನೇಳು ಎಲ್ಲಿದೆ?"

"ಅದನ್ನೇ ನಾನೂ ಹುಡುಕ್ತಿದೀನಮ್ಮಾ" ಎಂದರು ಅವರು, ಹಣೆ ಒರೆಸಿಕೊಂಡು. "ನಾನು ವಾರ್ಡ್ ಆಫೀಸಿನವನು. ಅಂಚೆಯವನು ಕೆಲಸ ಬಿಡ್ತೀನಿ ಅಂತ ಬರ್ಕೊಟ್ಟಿದಾನೆ. ಈ ಬೀದೀಲಿ ಯಾರ ಮನೆ ಯಾರದು ಅಂತ ಈಗ ದೇವರಿಗೂ ಗೊತ್ತಿಲ್ಲ, ನಮ್ಮ ಕಡತಕ್ಕೂ ಗೊತ್ತಿಲ್ಲ. ಇದಕ್ಕೆಲ್ಲ ಕಾರಣ ಯಾವುದೋ ಒಂದು ಹುಡುಗಿಯಂತೆ. ಕೈಗೆ ಸಿಗಲಿ!"

"ಎಂಥಾ ಹುಡುಗೀರಪ್ಪಾ!" ಎಂದು ಅತ್ತೆ ಮನಸಾರೆ ಬೈದರು. "ಹೆತ್ತವರು ಏನು ಮಾಡ್ತಿರ್ತಾರೋ!"

ಹೆತ್ತವರು ಆಟೋದಲ್ಲಿ ಚೀಲ ಹಿಡಿದು ಕೂತಿದ್ದರು. ನಾನು ಕಿಟಕಿಯಿಂದ ಎರಡೂ ಕೈ ಬೀಸಿದೆ.

ಹತ್ತು ನಿಮಿಷದಲ್ಲಿ ಓನರಮ್ಮನ ಅಂಗಳ ತುಂಬಿತು. ಅಪ್ಪ, ಅತ್ತೆ, ವಾರ್ಡ್ ಆಫೀಸಿನವರು, ಬ್ಯಾಂಕ್ ಮಾವ, ಉಳಿದೆರಡು ಇಪ್ಪತ್ತೊಂದರವರು, ಕಂಬಳಿ ಮಡಚಿ ತಂದಿದ್ದ "ಶುಭ"ದವರು. ನಡುವೆ ಒಂದು ಕುರ್ಚಿ. ಅದು ನನಗೆ. ಕೂತೆ.

"ಇವಳೇನಾ?" ವಾರ್ಡ್ ಆಫೀಸಿನವರು ಕಣ್ಣು ಕೆಂಪಗೆ ಮಾಡಿಕೊಂಡು ಹತ್ತಿರ ಬಂದರು. "ಏನಮ್ಮಾ, ಸರ್ಕಾರ ಕೊಟ್ಟ ನಂಬರನ್ನ ತಿದ್ದಿಸೋಕೆ ನೀನು ಯಾರು? ಇದಕ್ಕೆ ಏನು ಶಿಕ್ಷೆ ಗೊತ್ತಾ?" ಎಂದು ಗುಡುಗಿ, ಇನ್ನೂ ಹತ್ತಿರ ಬಂದು, ನನ್ನ ಕಿವಿಗೆ ಮಾತ್ರ ಕೇಳುವಂತೆ, "ನನ್ನ ಗಾಡಿ ನಂಬರ್ ಕೂಡಿದ್ರೂ ಎಂಟೇ ಬರುತ್ತಮ್ಮಾ. ಪ್ರಮೋಷನ್ ನಿಂತಿರೋದು ಅದಕ್ಕೇನಾ?" ಎಂದರು.

ದೂರದಲ್ಲಿದ್ದ ಅಪ್ಪನಿಗೆ ಮಾತು ಕೇಳಲಿಲ್ಲ. ಕಂಡದ್ದಿಷ್ಟು: ತಮ್ಮ ಮಗಳು ಕುರ್ಚಿಯಲ್ಲಿ ಕೂತಿದ್ದಾಳೆ, ಸರ್ಕಾರಿ ಅಧಿಕಾರಿ ಬಗ್ಗಿ ಏನನ್ನೋ ವಿನಂತಿಸುತ್ತಿದ್ದಾರೆ, ಇಡೀ ಬೀದಿ ಅವಳ ಉತ್ತರಕ್ಕೆ ಕಾಯುತ್ತಿದೆ. ಅಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು.

"ಎಲ್ಲರಿಗೂ ಇವಳ ಹತ್ರ ಏನು ಕೆಲಸ?" ಅತ್ತೆ ಅನುಮಾನದಿಂದ ಕೇಳಿದರು.

"ಇವಳ ಓದು ಅಂಥಾದ್ದಮ್ಮಾ!" ಎಂದರು ಓನರಮ್ಮ. "ಇವಳನ್ನ ಕೇಳದೆ ಈ ಬೀದೀಲಿ ಒಂದು ಮೊಳೆ ಹೊಡೆಯಲ್ಲ."

"ಅಷ್ಟೊಂದು ಮಾತಾಡ್ತಾಳಾ ಇವಳು?"

"ಮಾತಾಡಲ್ಲ, ಅದೇ ಇವಳ ದೊಡ್ಡಗುಣ. 'ಹೂಂ' ಅಂತಾಳೆ, ಅಷ್ಟೆ. ತೂಕ ನೋಡಿ!"

"ನಾನು ಮೊದಲೇ ಹೇಳಿರಲಿಲ್ವಾ, ಸ್ಟಾಸ್ಟಿಕ್‌ಗೆ ಮುಂದೆ ಬೆಲೆ ಬರುತ್ತೆ ಅಂತ!" ಎಂದರು ಅಪ್ಪ. ಅವರು ಎಂದೂ ಹೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡು ಎಲ್ಲರೆದುರು ತೀರ್ಪು ಕೊಟ್ಟರು. "ಓನರ್ ಒಳ್ಳೆಯವರು, ಬೀದಿ ಒಳ್ಳೇದು. ಇಲ್ಲೇ ಇರು ಮಗಳೇ. ಓದು ಮುಗಿಯೋವರೆಗೂ ಇಲ್ಲೇ ಇರು. ಹಾಸ್ಟೆಲಿನ ಮಾತು ಇನ್ನು ಎತ್ತಲ್ಲ."

"ನಾವು ಕಳಿಸಿದ್ರೆ ತಾನೆ ಹೋಗೋದು!" ಎಂದರು ಓನರಮ್ಮ.

ರೂಮು ನನ್ನದಾಯಿತು. ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ನನಗಿಂತ ಪಳಗಿದವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮಳಿಗೆಯ ಬಾಗಿಲಿನಿಂದ ಹೊಲಿಗೆ ಯಂತ್ರದ ಹಿಂಭಾಗ ಹೊರಗೆ ಬಂತು. ಅದರ ಹಿಂದೆ ಟೈಲರಣ್ಣ, ಬಣ್ಣದ ಆಳಿನ ಸಹಾಯದಿಂದ ಅದನ್ನು ಓರೆ ಮಾಡಿ ಇಳಿಸುತ್ತಿದ್ದ.

"ದಾರಿ ಬಿಡಿ, ದಾರಿ ಬಿಡಿ, ನಾಲ್ಕನೇ ನಂಬರ್ ಹೋಗ್ತಿದೆ!" ಎಂದು ಅವನೇ ಸಾರಿದ. ಕೆಲವರು ನಕ್ಕರು. ಯಂತ್ರ ಅಂಗಳದ ನಡುವೆ ಕೂತಿತು, ನನ್ನ ಕುರ್ಚಿಗೆ ಎದುರಾಗಿ.

"ಎಲ್ಲಿ ಸಿಕ್ತಪ್ಪ ಅಂಗಡಿ?" ಬ್ಯಾಂಕ್ ಮಾವ ಕೇಳಿದರು.

"ಇನ್ನೂ ಇಲ್ಲ ಸಾರ್. ಸಿಗೋವರೆಗೆ ಇದು ತಮ್ಮನ ಮನೆ ಮೆಟ್ಟಿಲ ಕೆಳಗೆ. ನಾನು ಮೆಟ್ಟಿಲ ಮೇಲೆ." ಆಮೇಲೆ ನನ್ನ ಕಡೆ ತಿರುಗಿ ಒಂದು ಪೊಟ್ಟಣ ಚಾಚಿದ. "ತಗೋ ಪಾಪು, ನಿನ್ನ ಕುರ್ತಾದ ತೋಳು ಸರಿ ಮಾಡಿದೀನಿ. ಇನ್ನು ಕೈ ಎತ್ತಿದ್ರೆ ಹಿಡಿಯಲ್ಲ. ಅಪ್ಪ ಬಂದಿದಾರಲ್ಲ, ಖುಷಿನಾ? ಖುಷಿ ಅಣ್ಣ. ಸರಿ ಹಾಗಾದ್ರೆ."

ಅವನ ದನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಪಾಲಿನ ಉತ್ತರವನ್ನು ಎಂದಿನಂತೆ ಅವನೇ ಹೇಳಿಬಿಟ್ಟಿದ್ದ, ಮತ್ತು ಅದು ತಪ್ಪು ಉತ್ತರವಾಗಿತ್ತು.

ನಾನು ಕುರ್ಚಿಯಿಂದ ಎದ್ದೆ. ಪೊಟ್ಟಣವನ್ನು ಯಂತ್ರದ ಮೇಲೆ ಇಟ್ಟೆ.

"ನೋಡಿ, ಏಳ್ತಾ ಇದಾಳೆ" ಎಂದರು ಓನರಮ್ಮ ಪಿಸುದನಿಯಲ್ಲಿ. "ಏನೋ ಹೇಳ್ತಾಳೆ. ಎಲ್ಲ ಸುಮ್ಮನಿರಿ. ಮೋಟರಿಂದೇ ಇರಬೇಕು."

ವಾರ್ಡ್ ಆಫೀಸಿನವರು ಜೇಬಿನಿಂದ ಪೆನ್ನು ತೆಗೆದರು.

"ಅಮ್ಮಾ, ಈ ಅಣ್ಣ ಹೋಗಬೇಕು ಅಂತ ಯಾವ ಶಾಸ್ತ್ರಾನೂ ಹೇಳಲ್ಲ. ಹದಿನೇಳು ಅಂದ್ರೆ ಹದಿನಾರರ ಪಕ್ಕದ ಮನೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ನನಗೆ ಭವಿಷ್ಯ ಗಿವಿಷ್ಯ ಏನೂ ಬರಲ್ಲ." ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡದ್ದು ಕಂಡಿತು. ಆದರೆ ಮುಖ್ಯವಾದದ್ದನ್ನು ಇನ್ನೂ ಹೇಳಿರಲಿಲ್ಲ. ಅದನ್ನು ಗೇಟಿನಾಚೆಗೂ ಕೇಳುವ ಹಾಗೆ ಹೇಳಿದೆ.

"ನಾನು ಬರೀ ಸ್ಟೂಡೆಂಟು."